ಮಕ್ಕಳಿಗೆ ನಿಸರ್ಗದ ಆಕಾರ ತೋರಿಸೋಕೆ ಮುಂಬೈಯಲ್ಲಿ ಎಲ್ಲಿಂದ ಶುರು ಮಾಡೋದು?

ಡೊಂಬಿವಲಿ ಅಮ್ಮ

ನಮಸ್ಕಾರ ಎಲ್ಲರಿಗೂ. ಮಗಳು ಮೂರನೇ ಕ್ಲಾಸು, ಮಗ ಆರನೇ ಕ್ಲಾಸು. ಮಗಳಿಗೆ ಶಾಲೆಯಲ್ಲಿ 'ನಿಸರ್ಗದಲ್ಲಿ ಆಕಾರಗಳು' ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಪ್ರಾಜೆಕ್ಟ್ ಅಂದರೆ ಗೊತ್ತೇ ಇದೆಯಲ್ಲ, ಚಾರ್ಟ್ ಪೇಪರ್ ತಂದು ಜೇನುಗೂಡು, ನಕ್ಷತ್ರಮೀನು, ಸೂರ್ಯಕಾಂತಿ ಇವುಗಳ ಕಲರ್ ಪ್ರಿಂಟ್ ಅಂಟಿಸಿ, ಕೆಳಗೆ ಷಟ್ಕೋನ, ನಕ್ಷತ್ರ, ವೃತ್ತ ಅಂತ ಸ್ಕೆಚ್ ಪೆನ್ನಲ್ಲಿ ಬರೆಯುವುದು. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಇಡೀ ಸೆಟ್ಟೇ ರೆಡಿ ಇದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಫೈಲ್ ಓಪನ್ ಮಾಡಿದರು.

ಚಾರ್ಟ್ ಮಾಡಿ ಕೊಡುತ್ತೇವೆ, ಅದರ ಬಗ್ಗೆ ಜಗಳ ಇಲ್ಲ. ಆದರೆ ಇದೇ ನೆಪದಲ್ಲಿ ಮಕ್ಕಳಿಗೆ ಒಂದಿಷ್ಟು ನಿಜವಾದದ್ದನ್ನು ತೋರಿಸೋಣ ಅಂತ ಆಸೆ. ನಾವಿರುವುದು ಏಳನೇ ಮಹಡಿ, ಕೆಳಗೆಲ್ಲ ಪೇವರ್ ಬ್ಲಾಕ್, ಕಾಂಪೌಂಡಿನ ಉದ್ದಕ್ಕೆ ಅಶೋಕದ ಸಾಲು, ಗೇಟಿನ ಹತ್ತಿರ ಒಂದು ನಂದಿಬಟ್ಟಲು, ಅಷ್ಟೇ ನಮ್ಮ ಕಾಡು. ನಾನು ಶಿರಸಿ ಕಡೆಯವಳು, ಅಲ್ಲಿ ಹಿತ್ತಲಿಗೆ ಹೋದರೆ ಸಾಕಿತ್ತು. ನಮ್ಮ ಅತ್ತೆ 'ಇದನ್ನೆಲ್ಲ ನೋಡೋಕೆ ಬೇಸಿಗೆ ರಜೆಗೆ ಊರಿಗೇ ಹೋಗಬೇಕು' ಅನ್ನುತ್ತಾರೆ. ಲೋಕಲ್ ಟ್ರೇನಿನಲ್ಲಿ ಹೋಗಿ ಬರುವ ದೂರದಲ್ಲಿ ಏನಿದೆ ಹೇಳಿ.

ಇನ್ನೊಂದು. ಜೇನು ಆರು ಮೂಲೆಯ ಮನೆ ಯಾಕೆ ಕಟ್ಟುತ್ತೆ, ದುಂಡಗೆ ಯಾಕೆ ಕಟ್ಟಲ್ಲ ಅಂತ ಮಗ ಕೇಳಿದ. ಮೇಣ ಉಳಿಯುತ್ತೆ ಅಂತ ಎಲ್ಲೋ ಓದಿದ್ದನ್ನು ಹೇಳಿದೆ. 'ನಿಂಗೆ ಹೇಗೆ ಗೊತ್ತು?' ಅಂದ. ಅಲ್ಲಿಗೆ ನನ್ನ ಸರಕು ಮುಗಿಯಿತು. ಮತ್ತೆ ವಾಟ್ಸಾಪ್ ಗ್ರೂಪಿನಲ್ಲಿ ಬರುವ ಆ ಗೋಲ್ಡನ್ ರೇಶಿಯೋ (ಸುಮಾರು 1.618ರ ಅನುಪಾತ) ವಿಡಿಯೋಗಳು, ಶಂಖದಿಂದ ಹಿಡಿದು ಮನುಷ್ಯರ ಮುಖದವರೆಗೆ ಎಲ್ಲದರಲ್ಲೂ ಅದೇ ಇದೆ ಅನ್ನುತ್ತವಲ್ಲ, ಅದರಲ್ಲಿ ಎಷ್ಟು ನಿಜ?

ಈಳಿಗೆಮಣೆ, ಮುಲುಂಡ್

ಊರೂ ಬೇಡ, ನ್ಯಾಷನಲ್ ಪಾರ್ಕೂ ಬೇಡ. ಮೊದಲು ಅಡುಗೆಮನೆಯಲ್ಲಿ ಕೂರಿಸಿಕೊಳ್ಳಿ.

ನಾವು ತರಕಾರಿ ಹಣ್ಣುಗಳನ್ನು ಅಭ್ಯಾಸಬಲದಿಂದ ಒಂದೇ ದಿಕ್ಕಿಗೆ ಹೆಚ್ಚುತ್ತೇವೆ. ಸೇಬನ್ನು ತೊಟ್ಟಿನಿಂದ ಕೆಳಕ್ಕೆ ಸೀಳುತ್ತೇವೆ, ಪಪ್ಪಾಯಿಯನ್ನು ಉದ್ದಕ್ಕೆ ಸೀಳುತ್ತೇವೆ. ಒಂದು ದಿನ ಅಡ್ಡಕ್ಕೆ ಕೊಯ್ದು ನೋಡಿ. ಸೇಬಿನಲ್ಲಿ ಐದು ಮೂಲೆಯ ನಕ್ಷತ್ರ, ಪಪ್ಪಾಯಿಯ ಟೊಳ್ಳಿನಲ್ಲೂ ಐದು ಮೂಲೆ. ಬೆಂಡೆಕಾಯಲ್ಲಿ ಸಾಮಾನ್ಯವಾಗಿ ಐದು ಕೋಣೆ, ಆದರೆ ಕೆಲವು ತಳಿಯಲ್ಲಿ ಜಾಸ್ತಿ ಇರುತ್ತವೆ, ಅದನ್ನು ಹುಡುಕುವುದೇ ಮಕ್ಕಳಿಗೆ ಆಟ. ಸೌತೆಕಾಯಿ ಕೊಯ್ದರೆ ಮೂರು. ನಮ್ಮ ಮನೆಯಲ್ಲಿ ಚಾಕು ಇಡುವ ಮೊದಲು ಪಂದ್ಯ ಕಟ್ಟುತ್ತೇವೆ, 'ಮೂರಾ, ಐದಾ?' ಅಂತ. ಸೋತವರು ತಟ್ಟೆ ತೊಳೆಯಬೇಕು. ಟೊಮೆಟೊ ಮಾತ್ರ ಪಂದ್ಯಕ್ಕೆ ನಾಲಾಯಕ್ಕು, ಒಂದೊಂದರಲ್ಲಿ ಒಂದೊಂದು ಲೆಕ್ಕ.

ಬಾಳೆಹಣ್ಣಿಗೆ ಚಾಕೂ ಬೇಡ. ಸಿಪ್ಪೆ ಸುಲಿದು ಅರ್ಧಕ್ಕೆ ಮುರಿಯಿರಿ. ಮುರಿದ ಜಾಗದ ನಟ್ಟನಡುವೆ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಹಣ್ಣು ಉದ್ದಕ್ಕೆ ಮೂರು ಎಸಳಾಗಿ ತಾನೇ ಬಿಚ್ಚಿಕೊಳ್ಳುತ್ತದೆ, ಒಳಗೆ ಸಣ್ಣ ಕಪ್ಪು ಚುಕ್ಕಿಗಳ ಸಾಲೂ ಕಾಣುತ್ತದೆ, ಬೀಜ ಆಗಬೇಕಿದ್ದು ಆಗದೇ ಉಳಿದದ್ದು. ನನ್ನ ಮಗಳು ಇದನ್ನು ಶಾಲೆಯ ಡಬ್ಬಿಯ ಹೊತ್ತಿನಲ್ಲಿ ಇಡೀ ಬೆಂಚಿಗೆ ಕಲಿಸಿ, ಬಾಳೆಹಣ್ಣು ತಿನ್ನದ ಮಕ್ಕಳೂ ಬಾಳೆಹಣ್ಣು ತರುವ ಹಾಗೆ ಮಾಡಿದಳು.

ಆಮೇಲೆ ಅನಾನಸು. ಸಿಪ್ಪೆ ತೆಗೆಯುವ ಮೊದಲು ಮಾರ್ಕರ್ ಪೆನ್ ಕೊಡಿ. ಒಂದು ಕಣ್ಣಿನಿಂದ ಶುರು ಮಾಡಿ ಪಕ್ಕದ ಕಣ್ಣಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ, ಓರೆಯಾಗಿ ಮೇಲೇರುವ ಸಾಲನ್ನು ಗುರುತು ಮಾಡಲಿ. ಇಡೀ ಹಣ್ಣಿನ ಸುತ್ತ ಅಂಥ ಸಾಲು ಎಷ್ಟಿವೆ ಅಂತ ಎಣಿಸಲಿ. ನಿಧಾನಕ್ಕೆ ಏರುವ ಸಾಲುಗಳು ಸಾಮಾನ್ಯವಾಗಿ 8, ಎದುರು ದಿಕ್ಕಿನಲ್ಲಿ ಕಡಿದಾಗಿ ಏರುವ ಸಾಲುಗಳು 13. ಎರಡು ಬಣ್ಣದ ಪೆನ್ ಇದ್ದರೆ ಸುಲಭ. ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಿದೆವು ಅಂತಲೇ ಮರೆತು ಮನೆಯಲ್ಲಿ ಗಲಾಟೆ.

ನಿವೃತ್ತ ಮೇಷ್ಟ್ರು, ಥಾಣೆ

ಅಮ್ಮಾ, ನಿಮ್ಮ ಮಗನ 'ಹೇಗೆ ಗೊತ್ತು?' ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಬಾಯಲ್ಲಿ ಉತ್ತರ ಕೊಡಬೇಡಿ. ಒಂದು ರೂಪಾಯಿಯ ಎಂಟು ನಾಣ್ಯ ಕೊಡಿ. ಎಲ್ಲವೂ ಒಂದೇ ಗಾತ್ರದ್ದಿರಲಿ, ಹಳೆಯದು ಹೊಸದು ಬೆರೆಸಿದರೆ ಲೆಕ್ಕ ಕೆಡುತ್ತದೆ. ಒಂದನ್ನು ನಡುವೆ ಇಟ್ಟು, ಉಳಿದವನ್ನು ಅದಕ್ಕೆ ತಾಗಿಸಿ ಸುತ್ತ ಇಡಲಿ. ಆರು ಸರಿಯಾಗಿ ಕೂರುತ್ತವೆ. ಏಳನೆಯದಕ್ಕೆ ಜಾಗ ಇಲ್ಲ. ಅಂದರೆ ಆರರ ಲೆಕ್ಕ ಜೇನಿನ ಬುದ್ಧಿವಂತಿಕೆಯಿಂದ ಶುರುವಾದದ್ದಲ್ಲ, ದುಂಡಗಿನ ವಸ್ತುಗಳನ್ನು ಒತ್ತಾಗಿ ಇಟ್ಟಾಗ ಬರುವುದೇ ಆರು. ಮನೆಯಲ್ಲಿ ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಹೊಸದಲ್ಲ. ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬಂದರೆ ಆರೆಸಳಿನ ಹೂವು ತಾನಾಗಿ ಬರುತ್ತದೆ.

ಈಗ ನಾಣ್ಯಗಳ ನಡುವೆ ನೋಡಲಿ. ಮೂರು ಮೂಲೆಯ ಸಣ್ಣ ಸಣ್ಣ ಸಂದು ಉಳಿದಿರುತ್ತದೆ. ದುಂಡಗೆ ಕಟ್ಟಿದರೆ ಆ ಜಾಗ ದಂಡ. ಸಂದೇ ಬಿಡದೆ, ಎಲ್ಲ ಬದಿ ಎಲ್ಲ ಕೋನ ಸಮ ಇರುವ ಒಂದೇ ಬಗೆಯ ಆಕಾರದಿಂದ ನೆಲ ತುಂಬಿಸಬೇಕಾದರೆ ಮೂರೇ ದಾರಿ: ತ್ರಿಕೋನ, ಚೌಕ, ಷಟ್ಕೋನ. ಆರನೇ ಕ್ಲಾಸಿನವನಲ್ಲವೇ, ಲೆಕ್ಕ ಹೇಳಿ. ಒಳಗಿನ ಜಾಗ 100 ಚದರ ಸೆಂಟಿಮೀಟರ್ ಇರಬೇಕಾದರೆ ಸುತ್ತಲಿನ ಗೋಡೆ ತ್ರಿಕೋನಕ್ಕೆ ಸುಮಾರು 45.6 ಸೆಂ.ಮೀ., ಚೌಕಕ್ಕೆ 40, ಷಟ್ಕೋನಕ್ಕೆ ಸುಮಾರು 37.2. ಗೋಡೆ ಕಡಿಮೆ ಆದಷ್ಟೂ ಮೇಣ ಕಡಿಮೆ. ಹಾಗಾದರೆ ಇನ್ನೇನೋ ವಿಚಿತ್ರ ಆಕಾರದಲ್ಲಿ ಗೋಡೆ ಇನ್ನೂ ಕಡಿಮೆ ಆಗಬಾರದೇಕೆ ಅಂತ ಅವನು ಕೇಳಬಹುದು, ಕೇಳಲಿ. ಸಮ ಜಾಗಗಳಾಗಿ ನೆಲವನ್ನು ಹಂಚುವುದಕ್ಕೆ ಷಟ್ಕೋನವೇ ಎಲ್ಲಕ್ಕಿಂತ ಅಗ್ಗ ಅಂತ ಜನ ಬಹಳ ಹಿಂದಿನಿಂದ ಅಂದುಕೊಂಡಿದ್ದರೂ, ಗಣಿತದಲ್ಲಿ ಪೂರ್ತಿ ಸಾಧಿಸಿ ತೋರಿಸಿದ್ದು 1999ರಲ್ಲಿ, ಥಾಮಸ್ ಹೇಲ್ಸ್ ಎಂಬವರು. ನಿಮ್ಮ ಮಗ ಕೇಳಿದ ಪ್ರಶ್ನೆಯಲ್ಲೇ ದೊಡ್ಡವರೂ ಅಷ್ಟು ಕಾಲ ಸಿಕ್ಕಿಕೊಂಡಿದ್ದರು ಅಂತ ಹೇಳಿ, ಖುಷಿಪಡುತ್ತಾನೆ.

ಮಗಳಿಗೆ ಲೆಕ್ಕ ಬೇಡ, ಗುಳ್ಳೆ ಸಾಕು. ಸ್ಟೀಲ್ ತಟ್ಟೆಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು ಹಾಕಿ ಸ್ಟ್ರಾದಿಂದ ಊದಲಿ. ಒಂಟಿ ಗುಳ್ಳೆ ದುಂಡಗಿರುತ್ತದೆ. ಗುಳ್ಳೆಗಳು ಒತ್ತೊತ್ತಾದಾಗ ನಡುವಿನ ಗೋಡೆ ನೇರವಾಗುತ್ತದೆ. ಗೋಡೆಗಳು ಸೇರುವ ಜಾಗ ನೋಡಲು ಹೇಳಿ. ಯಾವಾಗಲೂ ಮೂರು ಗೋಡೆ ಸೇರುತ್ತವೆ. ನಾಲ್ಕು ಸೇರಿದ ಹಾಗೆ ಕಂಡರೂ ಕ್ಷಣದಲ್ಲಿ ಜಾರಿ ಮೂರು ಮೂರಾಗುತ್ತವೆ. ನಾಲ್ಕು ನಿಲ್ಲುವ ಮೂಲೆ ತೋರಿಸಿದರೆ ಚಾಕಲೇಟ್ ಅನ್ನಿ, ಧೈರ್ಯವಾಗಿ ಅನ್ನಿ.

ಗೋಲ್ಡನ್ ರೇಶಿಯೋ ಬಗ್ಗೆ. ಮುಖ, ದೇವಸ್ಥಾನ, ಎಲ್ಲದರಲ್ಲೂ ಅದೇ ಇದೆ ಅನ್ನುವುದು ಸುಮ್ನೆ ಗೆರೆ ಎಳೆದು ಹೊಂದಿಸುವ ಕೆಲಸ. ಆ ವಿಡಿಯೋಗಳಲ್ಲಿ ತೋರಿಸುವ ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನ ಸುರುಳಿ ನಿಜಕ್ಕೂ ಚೆಂದದ್ದು, ಆದರೆ ಆ ಅನುಪಾತದ್ದಲ್ಲ. ಚಿಪ್ಪು ಬಾಯಿಯ ಅಂಚಿನಲ್ಲಿ ಮಾತ್ರ ಬೆಳೆಯುತ್ತದೆ, ಬೆಳೆದಷ್ಟೂ ಬಾಯಿ ಅಗಲವಾಗುತ್ತದೆ, ಆದರೆ ಇಡೀ ಆಕಾರ ಬದಲಾಗುವುದಿಲ್ಲ. ಹಾಗೆ ಬೆಳೆಯುವುದಕ್ಕೆ ಆ ಸುರುಳಿ. ಅಷ್ಟು ಹೇಳಿದರೆ ಸಾಕು.

ಆದರೆ ಅನಾನಸಿನ 8, 13 ನಿಜ. ಸೂರ್ಯಕಾಂತಿಯಲ್ಲಿ ಹೆಚ್ಚಾಗಿ 34, 55 ಸಿಗುತ್ತದೆ. ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಜರ್ಬೆರಾ ಸಿಗುತ್ತದಲ್ಲ, ಅದರ ನಡುಭಾಗ ಹತ್ತಿರದಿಂದ ನೋಡಿ, ಅಲ್ಲೂ ಎರಡು ಕಡೆಗೆ ತಿರುಗುವ ಸುರುಳಿ ಇದೆ. ತುದಿಯಲ್ಲಿ ಹೊಸ ಮೊಗ್ಗು ಹುಟ್ಟುವಾಗ ಹಿಂದಿನವುಗಳಿಂದ ಆದಷ್ಟು ದೂರದ ಖಾಲಿ ಜಾಗದಲ್ಲಿ ಹುಟ್ಟುತ್ತದೆ. ಹೀಗೆ ಒಂದರಿಂದ ಇನ್ನೊಂದಕ್ಕೆ ಸುಮಾರು 137.5 ಡಿಗ್ರಿ ತಿರುವು ಬರುತ್ತದೆ. ಆ ತಿರುವೇ ಸುರುಳಿಗಳ ಎಣಿಕೆಯನ್ನು 5, 8, 13, 21 ಈ ಸಾಲಿಗೆ (ಹಿಂದಿನ ಎರಡನ್ನು ಕೂಡಿದರೆ ಮುಂದಿನದು) ತಂದು ನಿಲ್ಲಿಸುತ್ತದೆ.

ಈ ಸಾಲು ನಮಗೆ ಬೇರೆ ಕಡೆಯಿಂದಲೂ ಗೊತ್ತು. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ ತುಂಬಬಹುದು, ನಾಲ್ಕು ಮಾತ್ರೆಯದನ್ನು ಐದು ಬಗೆಯಲ್ಲಿ, ಐದರದ್ದನ್ನು ಎಂಟು ಬಗೆಯಲ್ಲಿ, ಆರರದ್ದನ್ನು ಹದಿಮೂರು ಬಗೆಯಲ್ಲಿ. ಗುಜರಾತಿನ ಹೇಮಚಂದ್ರ 12ನೇ ಶತಮಾನದಲ್ಲೇ ಛಂದಸ್ಸಿಗಾಗಿ ಈ ಲೆಕ್ಕ ಮಾಡಿದ್ದ. ಈಗ ಈ ಸಾಲಿಗೆ ಯಾರ ಹೆಸರಿದೆಯೋ ಆ ಇಟಲಿಯ ಫಿಬೊನಾಚಿ ತನ್ನ ಪುಸ್ತಕ ಬರೆದದ್ದು 1202ರಲ್ಲಿ. ಮಗನಿಗೆ ಚಪ್ಪಾಳೆ (ಲಘು) ಮತ್ತು ಮೇಜು ಬಡಿತ (ಗುರು) ಕೊಟ್ಟು ನಾಲ್ಕು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು ಅಂತ ಹುಡುಕಲು ಹೇಳಿ. ಐದೂ ಸಿಗುವವರೆಗೆ ಬಿಡಬೇಡಿ.

ಹಾಗಂತ ಎಲ್ಲ ಹೂವೂ ಈ ಸಾಲಿಗೆ ಬರುತ್ತದೆ ಅಂತ ಕಲಿಸಬೇಡಿ. ಕೇಪಳ ಹೂವಿಗೆ ನಾಲ್ಕು ಎಸಳು, ಸಾಸಿವೆ ಹೂವಿಗೂ ನಾಲ್ಕೇ. ಪಾರಿಜಾತ ಎಣಿಸಿ ನೋಡಿ, ಒಂದೇ ಮರದ ಕೆಳಗೆ ಐದರಿಂದ ಎಂಟರವರೆಗೆ ಸಿಗುತ್ತದೆ. ಮುಲುಂಡ್‌ನವರ ಸೌತೆಯೂ ಅಷ್ಟೇ, ಕಾಯಿಯ ಒಳಗೆ ಮೂರು, ಹೂವಿಗೆ ಐದು ಎಸಳು.

ಧಾರವಾಡದವ, ಸದ್ಯ ಪುಣೆ

ಮೇಷ್ಟ್ರೇ, ಸಿಟ್ಟಾಗಬೇಡಿ. ನೀವು ಹೇಳಿದ್ದೆಲ್ಲ ನನಗೆ ಇಷ್ಟವಾಯಿತು, ಆದರೆ ಒಂಬತ್ತು ವರ್ಷದ ಹುಡುಗಿಗೆ ಭಾನುವಾರವೂ ಕ್ಲಾಸ್ ಆದರೆ ಅವಳು ಮತ್ತೆ ಮರದ ಹತ್ತಿರ ಸುಳಿಯುತ್ತಾಳಾ?

ನಾನು ಇಲ್ಲಿ ವೇತಾಳ ಟೇಕಡಿ ಅನ್ನುವ ಗುಡ್ಡಕ್ಕೆ ಬೆಳಿಗ್ಗೆ ಹೋಗುತ್ತೇನೆ. ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ಹೆಚ್ಚಿನವರು ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ, 'ಇದು ಯಾವ ಶೇಪ್? ಅದು ಯಾವ ಶೇಪ್?' ಮಗು 'ಓವಲ್' ಅನ್ನುತ್ತೆ, ಅಪ್ಪ 'ಗುಡ್' ಅನ್ನುತ್ತಾನೆ, ಇಬ್ಬರೂ ಮುಂದೆ ಹೋಗುತ್ತಾರೆ. ಎಲೆಯನ್ನು ಇಬ್ಬರೂ ನೋಡಿರುವುದಿಲ್ಲ. ನಿಮ್ಮ ಝೆರಾಕ್ಸ್ ಅಂಗಡಿಯ ಚಾರ್ಟೂ ಅದೇ ಅಲ್ವಾ, ಹೆಸರು ಅಂಟಿಸಿದ ಕೂಡಲೇ ನೋಡುವ ಕೆಲಸ ಮುಗಿದು ಹೋಗುತ್ತೆ. ಹೆಸರು ಕೇಳಬೇಡಿ. 'ಇದು ಹೀಗ್ಯಾಕಾಯ್ತು' ಅಂತಲೂ ಶುರುವಿನಲ್ಲೇ ಬೇಡ. 'ಇವೆರಡರಲ್ಲಿ ಏನು ಬೇರೆ ಇದೆ?' ಅಂತ ಕೇಳಿ. ಅದಕ್ಕೆ ಉತ್ತರ ಹೇಳಬೇಕಾದರೆ ನೋಡಲೇಬೇಕು.

ಉದಾಹರಣೆಗೆ ನಿಮ್ಮ ಗೇಟಿನ ನಂದಿಬಟ್ಟಲು. ಐದೆಸಳಿನ ಸಾದಾ ಜಾತಿಯದಾದರೆ ಎಸಳುಗಳೆಲ್ಲ ಒಂದು ಕಡೆಗೆ ತಿರುಚಿಕೊಂಡಿರುತ್ತವೆ. ಎಲ್ಲ ಹೂವೂ ಒಂದೇ ಕಡೆಗೆ ತಿರುಗಿವೆಯಾ, ಇಲ್ಲ ಕೆಲವು ಎಡಕ್ಕೆ ಕೆಲವು ಬಲಕ್ಕಾ? ಆಮೇಲೆ ದಾಸವಾಳದ ಗಿಡ ಸಿಕ್ಕರೆ ಅದರಲ್ಲೂ ನೋಡಿ, ಎಸಳಿನ ಅಂಚು ಒಂದರ ಮೇಲೊಂದು ಹೇಗೆ ಬಂದಿದೆ ಅಂತ. ಉತ್ತರ ನಾನು ಹೇಳಲ್ಲ. ಮಕ್ಕಳು ನೋಡಿ ಬಂದು ಹೇಳಲಿ.

ಮತ್ತೆ ಫೋಟೋ ಬೇಡ, ಪೆನ್ಸಿಲ್ ಕೊಡಿ. ಚಿತ್ರ ಚೆಂದ ಬರಬೇಕಿಲ್ಲ. ಅರಳಿ ಎಲೆಯ ಬಾಲ ಬರೆಯುವಾಗ 'ಇದು ಇಷ್ಟು ಉದ್ದ ಇದೆಯಾ!' ಅಂತ ಮಗು ತಿರುಗಿ ನೋಡುತ್ತಲ್ಲ, ಅದು ಸಾಕು. ಆ ಬಾಲದಿಂದ ಮಳೆನೀರು ಬೇಗ ಜಾರಿ ಹೋಗುತ್ತದೆ. ಮಳೆ ಬಂದಾಗ ಮರದ ಕೆಳಗೆ ನಿಂತು ಅವರೇ ನೋಡಲಿ.

ಅರಳಿ ಎಲೆಯ ನರಗಳ ಬಲೆ ಮಾತ್ರ ಉಳಿಸಿಕೊಳ್ಳುವ ಆಟ ನಮ್ಮ ಕಾಲದಲ್ಲಿ ಎಲ್ಲರೂ ಆಡಿದ್ದು. ಬಲಿತ ಎಲೆಯನ್ನು ಮೂರು ನಾಲ್ಕು ವಾರ ನೀರಲ್ಲಿ ನೆನೆಹಾಕಿ, ಮೆತ್ತಗಿನ ಹಳೆಯ ಟೂತ್‌ಬ್ರಶ್‌ನಿಂದ ತಿಕ್ಕಿದರೆ ಹಸಿರು ಭಾಗ ಹೋಗುತ್ತದೆ. ವಾಸನೆ ಬರುತ್ತೆ, ಬಾಲ್ಕನಿಯಲ್ಲೇ ಇಡಿ. ಮುಚ್ಚಳ ಗಟ್ಟಿ ಹಾಕಿ, ತೆರೆದ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಟ್ಟರೆ ಡೆಂಗಿ ಹುಡುಕಿಕೊಂಡು ಪಾಲಿಕೆಯವರು ಮನೆಗೇ ಬರುತ್ತಾರೆ.

ಮಲ್ಪೆ ಟು ಅಂಧೇರಿ

ಎಲ್ಲರೂ ಗಿಡ, ಹೂವು, ಹಣ್ಣು ಅಂತ ಇದ್ದೀರಿ. ಕಲ್ಲನ್ನು ಬಿಟ್ಟೇಬಿಟ್ಟಿರಲ್ಲ ಮಾರಾಯ್ರೆ.

ಅಂಧೇರಿ ಪಶ್ಚಿಮದಲ್ಲಿ ಗಿಲ್ಬರ್ಟ್ ಹಿಲ್ ಇದೆ, ಭವನ್ಸ್ ಕಾಲೇಜಿನ ಹತ್ತಿರ. ಸುತ್ತ ಮನೆಗಳು, ರಿಕ್ಷಾ, ಗಲಾಟೆ, ಅದರ ನಡುವೆ ಕಪ್ಪು ಬಸಾಲ್ಟ್ ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿಕೊಂಡು ಸುಮಾರು 61 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿವೆ. ದಖ್ಖನಿನ ಲಾವಾ ಹರಿದ ಕಾಲದ್ದು, ಸುಮಾರು 6.6 ಕೋಟಿ ವರ್ಷ ಹಳೆಯದು. ತುದಿಯಲ್ಲಿ ಗಾವ್‌ದೇವಿ ಗುಡಿ ಇದೆ, ಮೆಟ್ಟಿಲು ಹತ್ತಿ ಹೋಗಬಹುದು. ಆದರೆ ಕಂಬಗಳು ಸರಿಯಾಗಿ ಕಾಣುವುದು ಕೆಳಗೆ ದೂರ ನಿಂತು ನೋಡಿದಾಗಲೇ. ಮೊದಲು ಕೆಳಗೆ ನೋಡಿ, ಆಮೇಲೆ ಹತ್ತಿ.

ನಾನು ಮಲ್ಪೆಯವನು. ನಮ್ಮಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ದೋಣಿಯಲ್ಲಿ ಹೋದರೆ ಇದೇ ಬಗೆಯ ಕಂಬಗಳು ಸಮುದ್ರದ ಅಂಚಿನಲ್ಲೇ ಸಿಗುತ್ತವೆ, ಗಿಡ್ಡವಾಗಿ ಮುರಿದಿರುವುದರಿಂದ ತಲೆಯ ಮೇಲೆಯೇ ಕಾಲಿಟ್ಟು ನಡೆಯಬಹುದು. ಐದು ಮೂಲೆ, ಆರು ಮೂಲೆ ಎಣಿಸುತ್ತಾ ಹೋಗಬಹುದು. ಅದು ಇನ್ನೂ ಹಳೆಯದು, ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಊರಿಗೆ ಹೋಗುವವರು ನೋಡಿ ಬನ್ನಿ, ಮಳೆಗಾಲದಲ್ಲಿ ಮಾತ್ರ ದೋಣಿ ಇರುವುದಿಲ್ಲ.

ಇಲ್ಲಿ ಯಾವ ಜೇನೂ ಇಲ್ಲ, ಮೇಣ ಉಳಿಸುವ ಲೆಕ್ಕವೂ ಇಲ್ಲ, ಆದರೂ ಆರು ಮೂಲೆ. ಲಾವಾ ಆರುವಾಗ ಕುಗ್ಗುತ್ತದೆ. ಕುಗ್ಗಿದಾಗ ಬಿರಿಯಲೇಬೇಕು. ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಹೋದ ಹಾಗೆ ಮೂರು ಬಿರುಕು 120 ಡಿಗ್ರಿಯಲ್ಲಿ ಸೇರುವ ಕಡೆಗೆ ಹೊಂದಿಕೊಳ್ಳುತ್ತವೆ, ಹಾಗಾಗಿ ಕಂಬಗಳಿಗೆ ಹೆಚ್ಚಾಗಿ ಐದಾರು ಮುಖ.

ಇದನ್ನೇ ಮನೆಯಲ್ಲಿ ಮಾಡಿ ನೋಡಬಹುದು. ಹಳೆಯ ತಟ್ಟೆಯಲ್ಲಿ ಜಿಗುಟು ಮಣ್ಣಿನ ಕೆಸರನ್ನು ಒಂದು ಬೆರಳು ದಪ್ಪ ಹರಡಿ ಬಿಸಿಲಿಗಿಡಿ. ಮೊದಲ ಸಲ ಬಿರಿದಾಗ ಒಂದು ಬಿರುಕು ಇನ್ನೊಂದಕ್ಕೆ ಅಡ್ಡಲಾಗಿ ಬಂದು ಕೂಡುವುದು ಜಾಸ್ತಿ, ಮೂಲೆ ಚೌಕದ್ದು. ಅದಕ್ಕೇ ಮತ್ತೆ ನೀರು ಹಾಕಿ ಒಣಗಿಸಿ, ಮತ್ತೆ ಹಾಕಿ ಒಣಗಿಸಿ, ಹೀಗೆ ಮಾಡುತ್ತಾ ಹೋದರೆ ಮೂಲೆಗಳು ನಿಧಾನಕ್ಕೆ ಮೂರು ಕವಲಿನ ಕಡೆ ತಿರುಗುತ್ತವೆ. ತಾಳ್ಮೆ ಬೇಕು. ಕುಂಡದ ಸಡಿಲ ಮಣ್ಣು ಬೇಡ, ಅದರಲ್ಲಿ ಬಿರುಕು ಸರಿ ಬರುವುದಿಲ್ಲ. ಗಣಪತಿ ಮಾಡುವವರ ಹತ್ತಿರ ಶಾಡು ಮಣ್ಣು (ಮೂರ್ತಿ ಮಾಡುವ ಜೇಡಿಮಣ್ಣು) ಸಿಕ್ಕರೆ ಚೆನ್ನಾಗಿರುತ್ತದೆ.

ಡೊಂಬಿವಲಿ ಅಮ್ಮ

ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್.

ಅನಾನಸು ಇನ್ನೂ ತಂದಿಲ್ಲ. ನಾಣ್ಯದ್ದು ಮಾಡಿದೆವು, ಮಗ ಆರು ಇಟ್ಟ ಮೇಲೂ ಏಳನೆಯದನ್ನು ತುರುಕುವುದಕ್ಕೆ ನೋಡಿದ, ಆಮೇಲೆ ಎರಡು ರೂಪಾಯಿ ನಾಣ್ಯ, ಐದು ರೂಪಾಯಿ ನಾಣ್ಯ ಎಲ್ಲ ತಂದು ಅವುಗಳಲ್ಲೂ ಆರೇನಾ ಅಂತ ನೋಡಿದ. ನಾನು ಹೇಳಿರಲಿಲ್ಲ, ಅವನೇ ಶುರು ಮಾಡಿದ್ದು.

ಧಾರವಾಡದ ಅಣ್ಣ, ನಿಮ್ಮ ನಂದಿಬಟ್ಟಲು ಮಗಳಿಗೆ ಹಿಡಿಸಿತು. ಕೈಗೆ ಸಿಕ್ಕ ಹೂವೆಲ್ಲ ಒಂದೇ ಕಡೆಗೆ ತಿರುಚಿದೆ. ಪಕ್ಕದ ವಿಂಗಿನಲ್ಲಿ ಒಬ್ಬರು ಕಾಕು ಕುಂಡದಲ್ಲಿ ಕೆಂಪು ದಾಸವಾಳ ಬೆಳೆಸಿದ್ದಾರೆ. ಅಲ್ಲಿ ಒಂದು ಹೂವು ಹೀಗೆ, ಇನ್ನೊಂದು ಹಾಗೆ! ಕಾಕು ಅವರೇ ಅಷ್ಟು ವರ್ಷ ಪೂಜೆಗೆ ಕೊಯ್ದವರು, ಇದನ್ನು ಗಮನಿಸಿರಲಿಲ್ಲವಂತೆ. ಯಾಕೆ ಹಾಗೆ?

ಇನ್ನೊಂದು ಪ್ರಶ್ನೆ. ಮಳೆ ಶುರುವಾದರೆ ನಮ್ಮ ಸೊಸೈಟಿಯ ಗೋಡೆ ಮೇಲೆಲ್ಲ ದೊಡ್ಡ ದೊಡ್ಡ ಬಸವನಹುಳು. ಮಕ್ಕಳು ಅದನ್ನು ಕೈಯಲ್ಲಿ ಹಿಡಿಯಬಹುದಾ?

ಧಾರವಾಡದವ, ಸದ್ಯ ಪುಣೆ

ಸರಿಯಾಗಿ ನೋಡಿದ್ದಾರೆ, ಶಭಾಷ್ ಅನ್ನಿ. ನಂದಿಬಟ್ಟಲು, ಕಣಗಿಲೆ, ಸದಾಪುಷ್ಪ, ದೇವಕಣಗಿಲೆ ಎಲ್ಲ ಒಂದೇ ಕುಟುಂಬ. ಈ ಕುಟುಂಬದ ಒಂದೊಂದು ಜಾತಿಗೂ ತಿರುಚಿನ ದಿಕ್ಕು ಗಟ್ಟಿ, ಹೂವಿನಿಂದ ಹೂವಿಗೆ ಬದಲಾಗಲ್ಲ. ದಾಸವಾಳದ ಕುಟುಂಬಕ್ಕೆ ಆ ಕಟ್ಟುಪಾಡಿಲ್ಲ, ಒಂದೇ ಗಿಡದಲ್ಲಿ ಎರಡೂ ಬರುತ್ತವೆ. ಬೆಂಡೆ, ಹತ್ತಿ ಇವೂ ದಾಸವಾಳದ ಬಳಗವೇ. ಮುಂದಿನ ಸಲ ಆ ಹೂವು ಸಿಕ್ಕರೆ ಅದನ್ನೂ ನೋಡಲಿ.

ನಿವೃತ್ತ ಮೇಷ್ಟ್ರು, ಥಾಣೆ

ಧಾರವಾಡದವರೇ, ನನಗೆ ಸಿಟ್ಟಿಲ್ಲ. ನಿಮ್ಮ ಹೂವಿನ ಪಾಠ ನನ್ನ ನಾಣ್ಯಕ್ಕಿಂತ ಚೆನ್ನಾಗಿದೆ. ಆದರೆ 'ಯಾಕೆ' ಅನ್ನುವುದನ್ನು ಬಹಳ ದಿನ ಮುಂದೂಡಬೇಡಿ. ನೋಡುವ ಮಗು ಕೇಳಿಯೇ ಕೇಳುತ್ತದೆ, ಆಗ ದೊಡ್ಡವರ ಹತ್ತಿರ ಏನಾದರೂ ಇರಬೇಕು.

ಅಮ್ಮಾ, ಬರಿಗೈಯಲ್ಲಿ ಮುಟ್ಟಿಸಬೇಡಿ. ಮಳೆಗಾಲದಲ್ಲಿ ಇಲ್ಲಿ ಕಾಣುವ ಆ ದೊಡ್ಡದು ಹೆಚ್ಚಾಗಿ ಆಫ್ರಿಕನ್ ಬಸವನಹುಳು. ಅದರ ಲೋಳೆಯಲ್ಲಿ ಇಲಿಗಳಿಂದ ಬರುವ ಒಂದು ಹುಳದ ಮರಿಗಳಿರಬಹುದು, ಅದು ಹೊಟ್ಟೆಗೆ ಹೋದರೆ ಮಿದುಳಿಗೆ ತೊಂದರೆ. ಗಾಜಿನ ಹಾಳೆಯ ಮೇಲೆ ಹತ್ತಿಸಿ ಕೆಳಗಿನಿಂದ ನೋಡಲಿ, ಹೊಟ್ಟೆಯ ಮಾಂಸದಲ್ಲಿ ಅಲೆ ಹರಿಯುವುದು ಕಾಣುತ್ತದೆ. ಗಾಜನ್ನು ನೀವೇ ತೊಳೆಯಿರಿ. ಖಾಲಿ ಚಿಪ್ಪು ಬೇಕಾದರೆ ಕುದಿಯುವ ನೀರು ಸುರಿದು, ಸೋಪಿನಲ್ಲಿ ತೊಳೆದು ಕೊಡಿ. ಬಾಯಿ ನಮ್ಮ ಕಡೆಗೆ, ತುದಿ ಮೇಲಕ್ಕೆ ಹಿಡಿದರೆ ಬಾಯಿ ಬಲಗಡೆ ಇರುತ್ತದೆ. ಬಹುಪಾಲು ಶಂಖ, ಬಸವನಹುಳುಗಳೆಲ್ಲ ಹಾಗೆಯೇ. ಬಾಯಿ ಎಡಕ್ಕಿರುವ ಶಂಖ ಸಿಗುವುದು ಬಹಳ ಅಪರೂಪ. ಅದಕ್ಕೇ ಪೂಜೆಯ ಅಂಗಡಿಗಳಲ್ಲಿ ಅದಕ್ಕೆ ಅಷ್ಟು ರೇಟು, ಅಷ್ಟೇ ಮೋಸ. ಅಮೆರಿಕದ ಕಡಲಿನ ಬೇರೊಂದು ಜಾತಿಗೆ ಹುಟ್ಟಿನಿಂದಲೇ ಬಾಯಿ ಎಡಕ್ಕೆ, ಅದನ್ನೇ ತಂದು ಶಂಖ ಅಂತ ಮಾರುತ್ತಾರೆ.

ಜುಹೂ ಬೀಚ್ ವಾಕರ್

ತಡವಾಗಿ ಬಂದೆ. ಮುಂಬೈಯಲ್ಲಿದ್ದುಕೊಂಡು ಸಮುದ್ರ ಬಿಟ್ಟು ಉಳಿದದ್ದೆಲ್ಲ ಹೇಳಿದ್ದೀರಿ.

ಜುಹೂದಲ್ಲಿ ನೀರು ಇಳಿದ ಮೇಲೆ ಒದ್ದೆ ಮರಳನ್ನು ನೋಡಿ. ಬಟಾಣಿಗಿಂತ ಚಿಕ್ಕ ಮರಳಿನ ಉಂಡೆಗಳು ಸಾವಿರಗಟ್ಟಲೆ ಬಿದ್ದಿರುತ್ತವೆ. ಜನ ಅದರ ಮೇಲೇ ನಡೆದುಕೊಂಡು ಭೇಲ್ ತಿನ್ನಲು ಹೋಗುತ್ತಾರೆ. ಮಕ್ಕಳನ್ನು ಅಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ, ಅಲ್ಲಾಡಬಾರದು ಅನ್ನಿ. ಸ್ವಲ್ಪ ಹೊತ್ತಿಗೆ ತೂತಿನಿಂದ ಉಗುರಿನಷ್ಟು ಏಡಿ ಹೊರಬರುತ್ತದೆ. ಮರಳನ್ನು ಬಾಚಿ ಬಾಯಿಗೆ ಹಾಕಿಕೊಳ್ಳುತ್ತದೆ, ಮರಳಿಗೆ ಅಂಟಿರುವ ಸೂಕ್ಷ್ಮ ಆಹಾರ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಕಾಲಿನಿಂದ ಹಿಂದಕ್ಕೆ ತಳ್ಳುತ್ತದೆ. ತೂತಿನಿಂದ ಒಂದು ನೇರ ಗೆರೆಯಲ್ಲಿ ತಿನ್ನುತ್ತಾ ಹೋಗುತ್ತದೆ, ವಾಪಸು ಬಂದು ಪಕ್ಕದಲ್ಲಿ ಇನ್ನೊಂದು ಗೆರೆ. ಓಡಿ ಬರುವ ದಾರಿಯನ್ನು ಮಾತ್ರ ಖಾಲಿ ಬಿಟ್ಟಿರುತ್ತದೆ. ಹಾಗಾಗಿ ತೂತಿನ ಸುತ್ತ ಉಂಡೆಗಳು ಬಿಚ್ಚಿದ ಬೀಸಣಿಗೆಯ ಹಾಗೆ ಹರಡಿರುತ್ತವೆ. ಮುಂದಿನ ಭರತ (ಉಬ್ಬರ) ಬಂದರೆ ಎಲ್ಲ ಅಳಿಸಿ ಹೋಗುತ್ತದೆ, ಮತ್ತೆ ಮೊದಲಿನಿಂದ.

ಗಿಡದ ಆಕಾರ ಬೆಳೆಯುತ್ತಾ ಆಗುವುದು, ಕಲ್ಲಿನದ್ದು ಬಿರಿಯುತ್ತಾ, ಇದು ಊಟ ಮಾಡುತ್ತಾ ಆಗುವುದು! ನನಗೆ ಇಡೀ ಮುಂಬೈಯಲ್ಲಿ ಇದಕ್ಕಿಂತ ಇಷ್ಟವಾದ ಚಿತ್ರ ಇಲ್ಲ.

ಬಂಡೆಯ ತೀರ ಬೇಕಾದರೆ ಹಾಜಿ ಅಲಿ, ಬಾಂದ್ರಾದ ಕಾರ್ಟರ್ ರೋಡ್. ಮೊದಲ ಸಲ ಒಬ್ಬರೇ ಹೋಗಬೇಡಿ, ಕಲ್ಲು ಜಾರುತ್ತದೆ. 'ಮರೀನ್ ಲೈಫ್ ಆಫ್ ಮುಂಬೈ' ಅನ್ನುವ ಬಳಗದವರು 2017ರಿಂದ ತೀರದ ನಡಿಗೆ ನಡೆಸುತ್ತಿದ್ದಾರೆ, ಅವರ ಜೊತೆ ಹೋದರೆ ಕಡಲ ಹೂವು (ಸೀ ಅನಿಮೋನ್ ಎಂಬ ಪ್ರಾಣಿ), ಹವಳ ಎಲ್ಲ ತೋರಿಸುತ್ತಾರೆ. ಖಾಲಿ ಚಿಪ್ಪು ಮನೆಗೆ ತರಬೇಡಿ, ಸನ್ಯಾಸಿ ಏಡಿಗಳಿಗೆ ಅದೇ ಮನೆ. ಅಲ್ಲೇ ಕೂತು ಚಿತ್ರ ಬರೆದು ಅಲ್ಲೇ ಬಿಟ್ಟು ಬನ್ನಿ. ಫೋನು ಪೂರ್ತಿ ಬೇಡ ಅಂತ ನಾನು ಹೇಳಲ್ಲ. ಚಿತ್ರ ಬರೆದು ಮುಗಿದ ಮೇಲೆ ಸೀಕ್ ಆ್ಯಪಿನಲ್ಲಿ ಹೆಸರು ಹುಡುಕಲಿ. ಅದಕ್ಕೆ ಅಕೌಂಟ್ ಮಾಡುವುದು ಬೇಕಿಲ್ಲ, ಮಕ್ಕಳೂ ಬಳಸುವ ಹಾಗೆ ಮಾಡಿದ್ದು.

ಸಮುದ್ರ ಒಲ್ಲದವರಿಗೆ ಸಾಯನ್ ಕಡೆ, ಧಾರಾವಿಯ ಎದುರಿಗೆ ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ಮೊದಲು ಊರಿನ ಕಸ ಸುರಿಯುತ್ತಿದ್ದ ಜಾಗ, ಈಗ ಕಾಡು. ಮಳೆಗಾಲ ಮುಗಿಯುವಾಗ ಅಲ್ಲಿ ಜೇಡರ ಬಲೆ ನೋಡಲು ಹೋಗಿ. ಬಲೆಯ ನಡುವೆ ಎಕ್ಸ್ ಆಕಾರದಲ್ಲಿ ದಪ್ಪ ಅಂಕುಡೊಂಕು ಗೆರೆ ನೇಯುವ ಜೇಡ ಸಿಕ್ಕರೆ ಅದೃಷ್ಟ. ಆ ಗೆರೆ ಯಾಕೆ ಅಂತ ವಿಜ್ಞಾನಿಗಳೇ ಇನ್ನೂ ಜಗಳ ಆಡುತ್ತಿದ್ದಾರೆ, ಮೇಷ್ಟ್ರು ಬೇಕಾದರೆ ಸೇರಿಕೊಳ್ಳಲಿ.

ಡೊಂಬಿವಲಿ ಅಮ್ಮ

ಜುಹೂ ಏಡಿ ಅಂದ ಕೂಡಲೇ ಇಬ್ಬರೂ ಹೊರಟು ನಿಂತಿದ್ದಾರೆ. ನೀರು ಯಾವಾಗ ಇಳಿಯುತ್ತೆ ಅಂತ ಹೇಗೆ ಗೊತ್ತಾಗೋದು? ಡೊಂಬಿವಲಿಯಿಂದ ಅಷ್ಟು ದೂರ ಹೋಗಿ ಭರತ ಇದ್ದರೆ ಭೇಲ್ ತಿಂದು ವಾಪಸು ಬರಬೇಕಾಗುತ್ತೆ.

ಜುಹೂ ಬೀಚ್ ವಾಕರ್

ನೆಟ್ಟಿನಲ್ಲಿ ಮುಂಬೈಯ ಉಬ್ಬರ ಇಳಿತದ ಪಟ್ಟಿ ಸಿಗುತ್ತದೆ. ಅದೂ ಬೇಡ ಅಂದರೆ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೆ. ಮುಂಬೈಯಲ್ಲಿ ಆ ದಿನಗಳಲ್ಲಿ ಇಳಿತ ಬರುವುದು ಬೆಳಿಗ್ಗೆ, ಸಂಜೆ ಆರು ಏಳರ ಸುಮಾರಿಗೆ. ಆಮೇಲೆ ದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಇಳಿತದ ಸಮಯಕ್ಕಿಂತ ಒಂದು ಗಂಟೆ ಮೊದಲೇ ಅಲ್ಲಿರಿ. ಬೆಳಿಗ್ಗೆಯೇ ಒಳ್ಳೆಯದು, ಸಂಜೆ ಕತ್ತಲಾಗುತ್ತೆ, ಜನ ತುಳಿದೂ ಹಾಕಿರುತ್ತಾರೆ. ಮಳೆಗಾಲದಲ್ಲಿ ಬೇಡ, ನೀಲಿ ಬಲೂನಿನಂಥ ಬ್ಲೂಬಾಟಲ್ ದಡಕ್ಕೆ ಬರುತ್ತವೆ, ಸತ್ತು ಬಿದ್ದಿದ್ದರೂ ಅವುಗಳ ದಾರ ಮುಟ್ಟಿದರೆ ಉರಿ. ನವೆಂಬರ್ ನಂತರ ಬನ್ನಿ.

ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ವಿಲೆ ಪಾರ್ಲೆ, ಅಲ್ಲಿಂದ ರಿಕ್ಷಾ. ಭಾನುವಾರ ಹೊರಡುವುದಾದರೆ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಟ್ರೇನು ನಿಲ್ಲಿಸುವುದು) ಇದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ, ವಾಪಸು ಬರುವಾಗ ಮಕ್ಕಳನ್ನು ಕಟ್ಟಿಕೊಂಡು ದಾದರ್ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವುದು ಬೇಡ.